ನ್ಯುಮೋನಿಯಾಗೆ ಕೊಟ್ಟ ಆಂಟಿಬಯೋಟಿಕ್ ಹಿಡೀತಿಲ್ಲ ಅಂದ್ರೆ ಮುಂದಿನ ಔಷಧಿ ಹೆಂಗೆ ಆರಿಸ್ತಾರೆ, ಮನೆಯವ್ರು ಏನೇನು ಮಾಡ್ಬೇಕು

ನಾನು ಕೋಲಾರದಲ್ಲಿ ಮೈಕ್ರೋಬಯಾಲಜಿ ಲ್ಯಾಬಲ್ಲಿ ಕೆಲಸ ಮಾಡ್ತೀನಿ, ಕಫ, ರಕ್ತ, ಯೂರಿನ್ ಕಲ್ಚರ್ (ಸ್ಯಾಂಪಲಲ್ಲಿರೋ ಬ್ಯಾಕ್ಟೀರಿಯಾನ ಪ್ಲೇಟಲ್ಲಿ ಬೆಳೆಸಿ ನೋಡೋ ಟೆಸ್ಟ್) ನೋಡೋದೇ ದಿನದ ಕೆಲಸ. ಮುಳಬಾಗಿಲು, ಶ್ರೀನಿವಾಸಪುರ, ಬಂಗಾರಪೇಟೆ ಕಡೆಯಿಂದ ಅಪ್ಪನ್ನೋ ಅಜ್ಜೀನೋ ನ್ಯುಮೋನಿಯಾ ಅಂತ ಕರ್ಕೊಂಡು ಬಂದಿರೋರು ರಿಪೋರ್ಟ್ ಇಸ್ಕೊಳ್ಳೋಕೆ ಬಂದಾಗ ಹೆಚ್ಚಾಗಿ ಕೇಳೋದು ಒಂದೇ ಮಾತು, "ಸಾರ್, ಇದಕ್ಕಿಂತ ಪವರ್ ಇರೋ ಇಂಜೆಕ್ಷನ್ ಇಲ್ವಾ, ಎಷ್ಟಾದ್ರೂ ಆಗ್ಲಿ ಹಾಕಿಸ್ತೀವಿ". ಅವರ ಸಂಕಟ ಅರ್ಥ ಆಗುತ್ತೆ, ಆದ್ರೆ ಔಷಧಿ ಆರಿಸೋದು ಆ ಲೆಕ್ಕದಲ್ಲಿ ಅಲ್ಲ. ಯಾವ ಬ್ಯಾಕ್ಟೀರಿಯಾ, ಅದು ಯಾವ ಔಷಧಿಗೆ ಬಗ್ಗುತ್ತೆ, ಆ ಔಷಧಿ ಶ್ವಾಸಕೋಶದ ಒಳಗೆ ಹೋಗಿ ಕೆಲಸ ಮಾಡುತ್ತಾ, ಈ ಪೇಷೆಂಟ್ ದೇಹ ಅದನ್ನ ತಡ್ಕೊಳ್ಳುತ್ತಾ, ಇವಿಷ್ಟೂ ಕೂಡಿ ಬಂದಾಗ್ಲೇ ಅದು ಸರಿಯಾದ ಔಷಧಿ.

ಇದನ್ನ ಓದಿ ಮೆಡಿಕಲ್ ಸ್ಟೋರಿಗೆ ಹೋಗಿ ಔಷಧಿ ಕೇಳ್ಬೇಡಿ ದಯವಿಟ್ಟು. ಡೋಸ್ ಎಲ್ಲೂ ಬರೆದಿಲ್ಲ, ಬೇಕಂತಲೇ ಬಿಟ್ಟಿದೀನಿ. ಡಾಕ್ಟ್ರು ರೌಂಡ್ಸಿಗೆ ಬಂದಾಗ ನೀವು ಏನು ಹೇಳ್ಬೇಕು, ಏನು ಕೇಳ್ಬೇಕು ಅನ್ನೋದಕ್ಕೆ ಇದು.

ಎಲ್ಲಕ್ಕಿಂತ ಮುಂಚೆ: ದೊಡ್ಡೋರಿಗೆ ಉಸಿರಾಟ ನಿಮಿಷಕ್ಕೆ 30 ದಾಟಿದ್ರೆ, ಆಕ್ಸಿಮೀಟರಲ್ಲಿ 90ಕ್ಕಿಂತ ಕೆಳಗೆ ಬಂದ್ರೆ, ಮಾತು ಅಸ್ತವ್ಯಸ್ತ ಆದ್ರೆ, ಮೇಲಿನ ಬಿಪಿ 90ಕ್ಕಿಂತ ಇಳಿದ್ರೆ, ಯಾವ ಔಷಧಿ ಅಂತ ಯೋಚನೆ ಮಾಡ್ತಾ ಕೂರೋ ಟೈಮ್ ಅಲ್ಲ ಅದು, 108ಕ್ಕೆ ಫೋನ್ ಮಾಡಿ. ಮಕ್ಕಳಲ್ಲಿ ಲೆಕ್ಕ ಬೇರೆ, ಎರಡು ತಿಂಗಳೊಳಗಿನ ಮಗುಗೆ ನಿಮಿಷಕ್ಕೆ 60 ಅಥವಾ ಜಾಸ್ತಿ, ಎರಡು ತಿಂಗಳಿಂದ ಒಂದು ವರ್ಷದೊಳಗೆ 50, ಒಂದರಿಂದ ಐದು ವರ್ಷದೊಳಗೆ 40 ಅಂದ್ರೆ ವೇಗದ ಉಸಿರಾಟ, ತಕ್ಷಣ ತೋರಿಸ್ಬೇಕು. ಜೊತೆಗೆ ಎದೆಗೂಡಿನ ಕೆಳಭಾಗ ಒಳಗೆ ಸೆಳೀತಿದ್ರೆ, ಹಾಲು ಕುಡೀತಿಲ್ಲ ಅಂದ್ರೆ ನೇರ ಆಸ್ಪತ್ರೆಗೆ ಹೊರಡಿ.

ಹೆಜ್ಜೆ 1: ನಿಜವಾಗ್ಲೂ ಅದು ರೆಸಿಸ್ಟೆನ್ಸಾ (ಬ್ಯಾಕ್ಟೀರಿಯಾ ಔಷಧಿಗೆ ಬಗ್ಗದೆ ಇರೋದಾ)?

ಆಂಟಿಬಯೋಟಿಕ್ ಶುರು ಮಾಡಿದ ಮಾರನೇ ದಿನವೇ ಜ್ವರ ಬಿಡಲ್ಲ. ಸರಿಯಾದ ಔಷಧಿ ಆದ್ರೂ 48ರಿಂದ 72 ಗಂಟೆ ಬೇಕು, ಅಷ್ಟರೊಳಗೆ ಜ್ವರ, ಉಸಿರಾಟ, ನಾಡಿ ಒಂಚೂರಾದ್ರೂ ಇಳಿಮುಖ ಆಗ್ಬೇಕು. ಪೇಷೆಂಟ್ ಹದಗೆಡ್ತಾ ಹೋದ್ರೆ ಅಷ್ಟು ಹೊತ್ತು ಕಾಯೋ ಹಂಗಿಲ್ಲ, ಅದು ಬೇರೆ ಮಾತು. ಎಕ್ಸ್‌ರೇ ಅಂತೂ ಇನ್ನೂ ನಿಧಾನ, ವಯಸ್ಸಾದವ್ರಲ್ಲಿ ಬಿಳಿ ಮಚ್ಚೆ ಪೂರ್ತಿ ಹೋಗೋಕೆ ಆರು ವಾರ, ಕೆಲವ್ರಿಗೆ ಅದಕ್ಕಿಂತ ಜಾಸ್ತಿ ಹಿಡಿಯುತ್ತೆ, ಆದ್ರಿಂದ ಮನುಷ್ಯ ಚೇತರಿಸ್ಕೊಳ್ತಿದ್ದು ಬರೀ ಎಕ್ಸ್‌ರೇ ಹಂಗೇ ಇದೆ ಅಂತ ಔಷಧಿ ಬದಲಾಯಿಸೋದು ಬೇಡ.

72 ಗಂಟೆ ಆಯ್ತು, ಏನೂ ಇಳಿದಿಲ್ಲ ಅಂದ್ರೆ ರೆಸಿಸ್ಟೆನ್ಸ್ ಒಂದು ಕಾರಣ ಇರ್ಬೋದು, ಅದೊಂದೇ ಕಾರಣ ಅಲ್ಲ. ಶ್ವಾಸಕೋಶದ ಸುತ್ತ ಕೀವು ಕಟ್ಟಿದ್ರೆ ಯಾವ ಔಷಧಿ ಹಾಕಿದ್ರೂ ಜ್ವರ ಬಿಡಲ್ಲ, ಟ್ಯೂಬ್ ಹಾಕಿ ಕೀವು ತೆಗೀಬೇಕು, ಅದು ಇದೆಯಾ ಅಂತ ಅಲ್ಟ್ರಾಸೌಂಡಲ್ಲಿ ಗೊತ್ತಾಗುತ್ತೆ. ಎಚ್1ಎನ್1 ಥರದ ವೈರಸ್ ಆಗಿದ್ರೆ ಆಂಟಿಬಯೋಟಿಕ್‌ಗೆ ಅಲ್ಲಿ ಕೆಲಸವೇ ಇಲ್ಲ. ಮೈಕೋಪ್ಲಾಸ್ಮಾ ಅನ್ನೋ ಬ್ಯಾಕ್ಟೀರಿಯಾಗೆ ಸೆಲ್ ವಾಲ್ ಇಲ್ಲ, ಹಂಗಾಗಿ ಪೆನ್ಸಿಲಿನ್, ಸೆಫ್ಟ್ರಿಯಾಕ್ಸೋನ್ ಗುಂಪಿನ ಯಾವ ಔಷಧಿಯೂ ಅದಕ್ಕೆ ತಾಗಲ್ಲ, ಡಾಕ್ಸಿಸೈಕ್ಲಿನ್ ಅಥವಾ ಅಜಿಥ್ರೋಮೈಸಿನ್ ಬೇಕು. ಸ್ಕ್ರಬ್ ಟೈಫಸ್ ಕೂಡ ನಮ್ ಕಡೆ, ಆಚೆ ಚಿತ್ತೂರು ಕಡೆ ಕಾಣೋ ಜ್ವರ, ಹೊಲ ತೋಟದಲ್ಲಿ ಓಡಾಡೋರಿಗೆ ಬರುತ್ತೆ, ಶ್ವಾಸಕೋಶಕ್ಕೂ ಇಳಿಯುತ್ತೆ, ಸಿಗರೇಟಲ್ಲಿ ಸುಟ್ಟ ಹಂಗೆ ಒಂದು ಕಪ್ಪು ಗಾಯ ಕಂಕುಳಲ್ಲೋ ತೊಡೆಸಂದಿಯಲ್ಲೋ ಇರ್ಬೋದು, ನೋಡಿ ಡಾಕ್ಟ್ರಿಗೆ ಹೇಳಿ, ಅದಕ್ಕೂ ಡಾಕ್ಸಿಸೈಕ್ಲಿನ್ನೇ.

ಇನ್ನು ಟಿಬಿ. ಇದನ್ನ ಒತ್ತಿ ಹೇಳ್ಬೇಕು. ಲೆವೊಫ್ಲಾಕ್ಸಾಸಿನ್, ಮಾಕ್ಸಿಫ್ಲಾಕ್ಸಾಸಿನ್, ಲಿನೆಝೋಲಿಡ್, ಅಮಿಕಾಸಿನ್ ಇವೆಲ್ಲ ಟಿಬಿ ಬ್ಯಾಕ್ಟೀರಿಯಾ ಮೇಲೂ ಕೆಲಸ ಮಾಡ್ತವೆ. ಟಿಬಿ ಇರೋರಿಗೆ ನ್ಯುಮೋನಿಯಾ ಅಂತ ಲೆವೊಫ್ಲಾಕ್ಸಾಸಿನ್ ಕೊಟ್ರೆ ಒಂದು ವಾರ ಹುಷಾರಾದ ಹಂಗೆ ಕಾಣುತ್ತೆ, ಟೆಸ್ಟಲ್ಲೂ ಸಿಗದೆ ತಪ್ಪಿಸ್ಕೊಳ್ಬೋದು, ಆಮೇಲೆ ಮತ್ತೆ ಶುರು, ಅಷ್ಟರಲ್ಲಿ ತಿಂಗಳು ಕಳೆದಿರುತ್ತೆ, ಮನೇಲಿ ಇನ್ನೊಬ್ಬರಿಗೂ ಹಬ್ಬಿರುತ್ತೆ. ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು, ತೂಕ ಇಳಿಯೋದು, ರಾತ್ರಿ ಬೆವರೋದು ಇದ್ರೆ, ಶುಗರ್ ಇದ್ರೆ, ಕೆಜಿಎಫ್ ಗಣಿಯಲ್ಲಿ ಕೆಲಸ ಮಾಡಿದೋರಾಗಿದ್ರೆ, ಆ ಔಷಧಿಗಳಿಗೆ ಕೈ ಹಾಕೋ ಮುಂಚೆ ಕಫ, ಟಿಬಿ ಪತ್ತೆ ಮಾಡೋ ಸಿಬಿನ್ಯಾಟ್ ಅಥವಾ ಟ್ರೂನ್ಯಾಟ್ ಟೆಸ್ಟ್‌ಗೆ ಹೋಗ್ಲೇಬೇಕು. ಗಣಿ 2001ರಲ್ಲೇ ಮುಚ್ಚಿದ್ರೂ ಒಳಗೆ ಕೂತ ಸಿಲಿಕಾ ಧೂಳು ಎಲ್ಲೂ ಹೋಗಿಲ್ಲ, ಆ ಧೂಳು ಇರೋ ಶ್ವಾಸಕೋಶಕ್ಕೆ ಟಿಬಿ ಬೇಗ ತಗಲುತ್ತೆ, ಅದಕ್ಕೇ ಗಣಿ ಕೆಲಸದ ವಿಷಯ ಡಾಕ್ಟ್ರಿಗೆ ಮರೀದೆ ಹೇಳಿ. ಟಿಬಿ ಟೆಸ್ಟ್ ಸರ್ಕಾರಿ ಆಸ್ಪತ್ರೆಯಲ್ಲಿ ಫ್ರೀ.

ಕೊನೇದಾಗಿ, ಕೊಟ್ಟ ಔಷಧಿಯೇ ಮೊದಲಿಂದ ಸರಿ ಇತ್ತಾ ಅಂತ ನೋಡ್ಬೇಕು. ಜ್ವರ ಕೆಮ್ಮು ಅಂದ ತಕ್ಷಣ ಸೆಫಿಕ್ಸಿಮ್ ಕೊಡೋದು ನಮ್ ಕಡೆ ತುಂಬಾ ಇದೆ, ಆದ್ರೆ ನ್ಯುಮೋನಿಯಾ ತರೋ ಮುಖ್ಯ ಬ್ಯಾಕ್ಟೀರಿಯಾ ಆದ ನ್ಯುಮೋಕಾಕಸ್‌ಗೆ ಅದು ವೀಕು, ಇನ್ನೊಂದು ಬ್ಯಾಕ್ಟೀರಿಯಾ ಸ್ಟಫೈಲೋಕಾಕಸ್‌ಗೆ ಪ್ರಯೋಜನವೇ ಇಲ್ಲ. ಸಿಪ್ರೋಫ್ಲಾಕ್ಸಾಸಿನ್ ಕೂಡ ನ್ಯುಮೋಕಾಕಸ್‌ಗೆ ಸಾಲಲ್ಲ. ಸೆಫಿಕ್ಸಿಮ್ ಜೊತೆ ಆಫ್ಲಾಕ್ಸಾಸಿನ್ ಸೇರಿಸಿದ ಮಾತ್ರೆ ಬರುತ್ತಲ್ಲ, ಅಂಥ ಜೋಡಿ ಮಾತ್ರೆಗಳನ್ನ ಡಬ್ಲ್ಯುಎಚ್‌ಒ ಶಿಫಾರಸು ಮಾಡಲ್ಲ. ಲೆವೊಫ್ಲಾಕ್ಸಾಸಿನ್, ಡಾಕ್ಸಿಸೈಕ್ಲಿನ್ ಮಾತ್ರೆನ ಹಾಲಿನ ಜೊತೆ, ಐರನ್ ಅಥವಾ ಕ್ಯಾಲ್ಸಿಯಂ ಮಾತ್ರೆ ಜೊತೆ, ಗ್ಯಾಸ್‌ಗೆ ಕುಡಿಯೋ ಬಿಳಿ ಔಷಧಿ ಜೊತೆ ತಗೊಂಡ್ರೆ ಅದು ರಕ್ತಕ್ಕೆ ಸರಿಯಾಗಿ ಸೇರಲ್ಲ, ನೀರಲ್ಲೇ ತಗೋಬೇಕು, ನಡುವೆ ಎರಡು ಗಂಟೆಯಾದ್ರೂ ಗ್ಯಾಪ್ ಬಿಡ್ಬೇಕು. ಇಷ್ಟು ಸರಿಯಾಗಿ ಪಾಲಿಸಿದ್ರೆ ಔಷಧಿ ಬದಲಾಯಿಸೋ ಪ್ರಮೇಯವೇ ಬರದೆ ಇರ್ಬೋದು.

ಹೆಜ್ಜೆ 2: ಔಷಧಿ ಬದಲಾಯಿಸೋ ಮುಂಚೆ ಸ್ಯಾಂಪಲ್

ನನ್ನ ಕೇಳಿದ್ರೆ ಇಡೀ ವಿಷಯದಲ್ಲಿ ಇದೇ ಮುಖ್ಯ. ಹೊಸ ಆಂಟಿಬಯೋಟಿಕ್‌ನ ಮೊದಲ ಡೋಸ್ ಹೋಗೋ ಮುಂಚೆ ಕಫ, ರಕ್ತ ಕಲ್ಚರ್‌ಗೆ ತೆಗೀಬೇಕು. ಡೋಸ್ ಹೋದ ಮೇಲೆ ತೆಗೆದ್ರೆ ಎಷ್ಟೋ ಸಲ ಪ್ಲೇಟಲ್ಲಿ ಏನೂ ಬೆಳೆಯಲ್ಲ, ಆಮೇಲೆ ಊಹೆ ಮೇಲೆಯೇ ಔಷಧಿ ಹಾಕ್ತಾ ಹೋಗ್ಬೇಕಾಗುತ್ತೆ. ಬಿಪಿ ಬಿದ್ದು ಸೀರಿಯಸ್ ಇರೋ ಪೇಷೆಂಟಲ್ಲಿ ಮಾತ್ರ ಸ್ಯಾಂಪಲ್‌ಗೋಸ್ಕರ ಔಷಧಿ ತಡ ಮಾಡೋ ಹಂಗಿಲ್ಲ, ರಕ್ತ ಎಳೆದ ಕೈಯಲ್ಲೇ ಔಷಧಿ ಶುರು ಮಾಡ್ತಾರೆ.

ಕಫ ಕೊಡೋದು ಹೆಂಗೆ ಅಂತ ಯಾರೂ ಬಿಡಿಸಿ ಹೇಳಲ್ಲ. ಬೆಳಗ್ಗೆ ಎದ್ದ ಮೇಲೆ ಬಾಯಿನ ಬರೀ ನೀರಲ್ಲಿ ಚೆನ್ನಾಗಿ ಮುಕ್ಕಳಿಸಿ, ಹಲ್ಲುಸೆಟ್ ಇದ್ರೆ ತೆಗೆದಿಡಿ, ಎರಡು ಮೂರು ಸಲ ಉಸಿರು ಪೂರ್ತಿ ಎಳ್ಕೊಂಡು ಎದೆ ಆಳದಿಂದ ಕೆಮ್ಮಿ ಬಂದಿದ್ದನ್ನ ಡಬ್ಬಿಗೆ ಹಾಕಿ. ಎಂಜಲು ಬೇಡ. ಲ್ಯಾಬಲ್ಲಿ ಮೊದಲು ಮೈಕ್ರೋಸ್ಕೋಪಲ್ಲಿ ನೋಡ್ತೀವಿ, ಲೋ ಪವರ್‌ನ ಒಂದು ಫೀಲ್ಡಲ್ಲಿ ಕೀವಿನ ಕಣ 25ಕ್ಕಿಂತ ಜಾಸ್ತಿ, ಬಾಯಿ ಚರ್ಮದ ಕಣ 10ಕ್ಕಿಂತ ಕಮ್ಮಿ ಇದ್ರೆ ಒಳ್ಳೇ ಸ್ಯಾಂಪಲ್, ಉಲ್ಟಾ ಇದ್ರೆ ಅದು ಎಂಜಲು, ಅದರಲ್ಲಿ ಬೆಳೆಯೋದೆಲ್ಲ ಬಾಯಲ್ಲಿರೋ ಬ್ಯಾಕ್ಟೀರಿಯಾ. ಡಬ್ಬಿ ಎರಡು ಗಂಟೆ ಒಳಗೆ ಲ್ಯಾಬಿಗೆ ಸೇರ್ಬೇಕು. ತಾಲ್ಲೂಕಿಂದ ಕಳಿಸೋದಾದ್ರೆ, ತಡ ಆಗುತ್ತೆ ಅಂತಿದ್ರೆ ಫ್ರಿಜ್ಜಲ್ಲಿಟ್ಟು ಐಸ್ ಡಬ್ಬಿಯಲ್ಲಿ ಕಳಿಸೋಕೆ ಹೇಳಿ, ಏಪ್ರಿಲ್ ಬಿಸಿಲಲ್ಲಿ ಬಸ್ಸಲ್ಲಿ ಬಂದ ಕಫದಿಂದ ನಾವು ಏನು ಹೇಳಿದ್ರೂ ನಂಬೋಕಾಗಲ್ಲ. ರಕ್ತದ ಕಲ್ಚರ್ ಮಾತ್ರ ಹಂಗಲ್ಲ, ಆ ಬಾಟ್ಲಿ ಫ್ರಿಜ್ಜಲ್ಲಿ ಇಡಲೇಬಾರದು, ಎರಡು ಕೈಯಿಂದ ಬೇರೆ ಬೇರೆ ಎರಡು ಸಲ ತೆಗೆದ್ರೆ ಒಳ್ಳೇದು, ಯಾಕಿಷ್ಟು ರಕ್ತ ತೆಗೀತಾರೆ ಅಂತ ಗಾಬರಿ ಬೇಡ.

ಫಾರಂ ಮೇಲೆ ಈಗಾಗ್ಲೇ ಯಾವ ಆಂಟಿಬಯೋಟಿಕ್ ಎಷ್ಟು ದಿನ ಹೋಗಿದೆ ಅಂತ ಬರೆಸಿ. ಮೆಡಿಕಲ್ ಸ್ಟೋರಿಂದ ತಂದಿದ್ದು, ಊರಲ್ಲಿ ಹಾಕಿಸ್ಕೊಂಡ ಇಂಜೆಕ್ಷನ್, ಎಲ್ಲಾ. ಖಾಲಿ ಸ್ಟ್ರಿಪ್ ಬಿಸಾಕ್ಬೇಡಿ, ತಗೊಂಡ್ ಬನ್ನಿ.

ಹೆಜ್ಜೆ 3: ರಿಪೋರ್ಟ್ ಓದೋದು

ಎರಡ್ಮೂರು ದಿನಕ್ಕೆ ರಿಪೋರ್ಟ್ ಬರುತ್ತೆ. ಬ್ಯಾಕ್ಟೀರಿಯಾ ಹೆಸರು, ಕೆಳಗೆ ಔಷಧಿಗಳ ಪಟ್ಟಿ, ಪಕ್ಕದಲ್ಲಿ ಎಸ್, ಐ, ಆರ್. ಎಸ್ ಅಂದ್ರೆ ಕೆಲಸ ಮಾಡುತ್ತೆ, ಆರ್ ಅಂದ್ರೆ ಮಾಡಲ್ಲ, ಐ ಅಂದ್ರೆ ನಡುವೆ, ಡೋಸ್ ಜಾಸ್ತಿ ಮಾಡಿದ್ರೆ ಆಗ್ಬೋದು. ಎಂಐಸಿ ಅಂತ ಒಂದು ನಂಬರ್ ಇರುತ್ತೆ ನೋಡಿ, ಆ ಬ್ಯಾಕ್ಟೀರಿಯಾ ಬೆಳೀದಂಗೆ ತಡೆಯೋಕೆ ಬೇಕಾದ ಕನಿಷ್ಠ ಪ್ರಮಾಣ ಅದು. ಇಲ್ಲೇ ತುಂಬಾ ಜನ ಎಡವ್ತಾರೆ: ಒಂದು ಔಷಧಿಗೆ 0.5, ಇನ್ನೊಂದಕ್ಕೆ 4 ಅಂತಿದ್ರೆ 0.5 ಇರೋದೇ ಬೆಸ್ಟ್ ಅಂತಲ್ಲ. ಪ್ರತಿ ಔಷಧಿಗೂ ಅದರದ್ದೇ ಗಡಿ ಇದೆ, ಎರಡು ಔಷಧಿಗಳ ಎಂಐಸಿ ಪಕ್ಕಪಕ್ಕ ಇಟ್ಟು ಹೋಲಿಸೋ ಹಂಗೇ ಇಲ್ಲ.

ನ್ಯುಮೋಕಾಕಸ್ ವಿಷಯದಲ್ಲಿ ಇನ್ನೊಂದಿದೆ. ಪೆನ್ಸಿಲಿನ್‌ಗೆ ಮೆದುಳು ಜ್ವರದ (ಮೆನಿಂಜೈಟಿಸ್) ಗಡಿ ಬೇರೆ, ಶ್ವಾಸಕೋಶದ ಗಡಿ ಬೇರೆ. ಎಂಐಸಿ 1 ಬಂದ್ರೆ ಮೆನಿಂಜೈಟಿಸ್ ಲೆಕ್ಕದಲ್ಲಿ ಅದು ಆರ್, ನ್ಯುಮೋನಿಯಾದಲ್ಲಿ ಇಂಜೆಕ್ಷನ್ ಪೆನ್ಸಿಲಿನ್‌ಗೆ ಎಸ್. ಆರ್ ನೋಡಿ ಹೆದರಿ ಮೆರೊಪೆನಂ ಥರದ ದೊಡ್ಡ ಆಂಟಿಬಯೋಟಿಕ್ಕಿಗೆ ಹಾರೋ ಅವಶ್ಯಕತೆ ಇರಲ್ಲ, ಡಾಕ್ಟ್ರನ್ನ ಕೇಳಿ.

ಇನ್ನು, ಬೆಳೆದಿದ್ದೆಲ್ಲ ಕಾಯಿಲೆ ಅಲ್ಲ. ವೆಂಟಿಲೇಟರ್ ಟ್ಯೂಬಲ್ಲಿ ಬ್ಯಾಕ್ಟೀರಿಯಾ ಸುಮ್ನೆ ಕೂತಿರ್ತವೆ, ಜ್ವರ ಇಲ್ಲ, ಎಕ್ಸ್‌ರೇ ಹೊಸದಾಗಿ ಕೆಟ್ಟಿಲ್ಲ, ಆಕ್ಸಿಜನ್ ಸರಿ ಇದೆ ಅಂದ್ರೆ ಅದಕ್ಕೆ ಔಷಧಿ ಬೇಡ. ಕಫದಲ್ಲಿ ಕ್ಯಾಂಡಿಡಾ ಅನ್ನೋ ಫಂಗಸ್ ಬಂದ್ರೆ ಅದು ನ್ಯುಮೋನಿಯಾಗೆ ಕಾರಣ ಆಗಿರೋದು ತೀರಾ ಅಪರೂಪ.

ಹೆಜ್ಜೆ 4: ಯಾವ ಬ್ಯಾಕ್ಟೀರಿಯಾಗೆ ಯಾವ ಬದಲಿ

ಮನೆಯಿಂದಲೇ ಬಂದ ನ್ಯುಮೋನಿಯಾದಲ್ಲಿ ನ್ಯುಮೋಕಾಕಸ್ ಮುಖ್ಯ. ಅಜಿಥ್ರೋಮೈಸಿನ್ ಒಂದನ್ನೇ ನೆಚ್ಕೊಂಡು ಇರೋ ಕಾಲ ಹೋಯ್ತು, ರೆಸಿಸ್ಟೆನ್ಸ್ ಜಾಸ್ತಿ ಆಗಿದೆ. ಆದ್ರೆ ಸರಿಯಾದ ಡೋಸಲ್ಲಿ ಹಳೇ ಅಮಾಕ್ಸಿಸಿಲಿನ್, ಇಂಜೆಕ್ಷನ್ ಆದ್ರೆ ಸೆಫ್ಟ್ರಿಯಾಕ್ಸೋನ್, ಇವತ್ತಿಗೂ ಬಹಳಷ್ಟು ಕೇಸಲ್ಲಿ ಕೆಲಸ ಮಾಡ್ತವೆ. ಹೊಸದಾಗಿ ನಮ್ ದೇಶದಲ್ಲೇ ವೊಕ್‌ಹಾರ್ಟ್ ಕಂಪನಿ ಮಾಡಿರೋ ನಾಫಿಥ್ರೋಮೈಸಿನ್, ಮಿಕ್ನಾಫ್ ಅನ್ನೋ ಹೆಸರಲ್ಲಿ, 2024ರ ನವೆಂಬರಲ್ಲಿ ಬಿಡುಗಡೆ ಆಯ್ತು, ದಿನಕ್ಕೊಂದು ಸಲದಂಗೆ ಮೂರೇ ದಿನದ ಕೋರ್ಸ್, ಅಜಿಥ್ರೋಮೈಸಿನ್‌ಗೆ ಬಗ್ಗದ ನ್ಯುಮೋಕಾಕಸ್‌ಗೆ ಅಂತಲೇ ಮಾಡಿದ್ದು. ಇದನ್ನೂ ಶೀತ ನೆಗಡಿಗೆಲ್ಲ ಬರೆಸ್ಕೊಂಡು ಹಾಳು ಮಾಡದೆ ಇದ್ರೆ ಸಾಕು ಅಂತ ನನ್ನ ಆಸೆ.

ಎಂಆರ್‌ಎಸ್‌ಎ, ಅಂದ್ರೆ ಮೊಂಡು ಸ್ಟಫೈಲೋಕಾಕಸ್, ಬಂದ್ರೆ ವ್ಯಾಂಕೊಮೈಸಿನ್ ಅಥವಾ ಲಿನೆಝೋಲಿಡ್. ಡ್ಯಾಪ್ಟೊಮೈಸಿನ್ ಅಂತ ಒಂದು ದುಬಾರಿ ಔಷಧಿ ಇದೆ, ರಕ್ತದ ಸೋಂಕಲ್ಲಿ ಬಹಳ ಒಳ್ಳೇದು, ರಿಪೋರ್ಟಲ್ಲಿ ಎಸ್ ಅಂತಲೂ ಬರ್ಬೋದು, ಆದ್ರೆ ಶ್ವಾಸಕೋಶದ ಒಳಗೆ ಗಾಳಿಚೀಲ ಕುಸೀದಂಗೆ ಇಡೋ ಸರ್ಫ್ಯಾಕ್ಟಂಟ್ ಅನ್ನೋ ಪದರ ಅದನ್ನ ಕಟ್ಟಿ ಹಾಕ್ಬಿಡುತ್ತೆ, ನ್ಯುಮೋನಿಯಾದಲ್ಲಿ ಅದಕ್ಕೆ ಕೆಲಸವೇ ಇಲ್ಲ. ಪವರ್ ಇರೋದು ಬೇಕು ಅನ್ನೋರಿಗೆ ನಾನು ಕೊಡೋ ಉದಾಹರಣೆ ಇದೇ. ಲಿನೆಝೋಲಿಡ್ ಮಾತ್ರೆ ಹೊಟ್ಟೆಯಿಂದ ಹೆಚ್ಚುಕಮ್ಮಿ ಪೂರ್ತಿ ರಕ್ತಕ್ಕೆ ಸೇರುತ್ತೆ, ಹಂಗಾಗಿ ಪೇಷೆಂಟ್ ನುಂಗೋ ಹಂಗಿದ್ದು, ಸ್ಥಿರವಾಗಿದ್ರೆ ಇಂಜೆಕ್ಷನ್ ಬದಲು ಮಾತ್ರೆ ಆಗುತ್ತಾ ಅಂತ ಕೇಳಿ, ಬಿಲ್ಲಲ್ಲಿ ದೊಡ್ಡ ವ್ಯತ್ಯಾಸ.

ಆಸ್ಪತ್ರೆಯಲ್ಲಿ ಇದ್ದಾಗ ಹತ್ತೋ ನ್ಯುಮೋನಿಯಾ, ಐಸಿಯು ನ್ಯುಮೋನಿಯಾ ಬೇರೆ ಕಥೆ. ಅಲ್ಲಿ ಕ್ಲೆಬ್ಸಿಯೆಲ್ಲಾ, ಸ್ಯೂಡೋಮೊನಾಸ್, ಅಸಿನೆಟೋಬ್ಯಾಕ್ಟರ್ ಅನ್ನೋ ಬ್ಯಾಕ್ಟೀರಿಯಾಗಳು. ಕ್ಲೆಬ್ಸಿಯೆಲ್ಲಾ ಪ್ಲೇಟ್ ಮೇಲೆ ದಪ್ಪಕ್ಕೆ ಲೋಳೆಲೋಳೆಯಾಗಿ ಬೆಳೀತದೆ, ಕೆಲವೊಂದನ್ನ ತಂತಿ ಕಡ್ಡೀಲಿ ಮುಟ್ಟಿ ಮೇಲೆತ್ತಿದ್ರೆ ಎಳೆ ಎಳೆಯಾಗಿ ಹಿಂದೆಯೇ ಬರುತ್ತೆ. ಔಷಧಿ ಬಿಲ್ಲೆ ಇಟ್ಟ ಕಡೆ ಸುತ್ತ ಖಾಲಿ ವೃತ್ತ ಕಾಣ್ಬೇಕು, ಈಗೀಗ ಬಿಲ್ಲೆ ಅಂಚಿಗೇ ಬೆಳೆದು ನಿಂತಿರೋದೇ ಜಾಸ್ತಿ ನೋಡ್ತೀವಿ.

ಇಎಸ್‌ಬಿಎಲ್ ಅನ್ನೋ ಎಂಜೈಮ್ ಇರೋ ಕ್ಲೆಬ್ಸಿಯೆಲ್ಲಾ ಸೆಫ್ಟ್ರಿಯಾಕ್ಸೋನ್‌ನ ಮುರಿದು ಹಾಕುತ್ತೆ, ಸೀರಿಯಸ್ ಇದ್ರೆ ಮೆರೊಪೆನಂ ಅಥವಾ ಇಮಿಪೆನಂ. ಪಿಪರಾಸಿಲಿನ್-ಟ್ಯಾಝೋಬ್ಯಾಕ್ಟಂ ರಿಪೋರ್ಟಲ್ಲಿ ಎಸ್ ಇದ್ರೂ ಡಾಕ್ಟ್ರು ಹಿಂದೆಮುಂದೆ ನೋಡ್ತಾರೆ, ಅದಕ್ಕೆ ಕಾರಣ ಇದೆ: 2018ರಲ್ಲಿ ಬಂದ ಮೆರಿನೊ ಅಧ್ಯಯನದಲ್ಲಿ, ಸೆಫ್ಟ್ರಿಯಾಕ್ಸೋನ್‌ಗೆ ಬಗ್ಗದ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿದಿದ್ದ ರೋಗಿಗಳಲ್ಲಿ 30 ದಿನದೊಳಗಿನ ಸಾವು ಪಿಪರಾಸಿಲಿನ್ ಗುಂಪಲ್ಲಿ ಶೇ. 12.3, ಮೆರೊಪೆನಂ ಗುಂಪಲ್ಲಿ ಶೇ. 3.7.

ಮೆರೊಪೆನಂಗೂ ಬಗ್ಗಲ್ಲ ಅಂದ್ರೆ ಆ ಬ್ಯಾಕ್ಟೀರಿಯಾದಲ್ಲಿ ಯಾವ ಎಂಜೈಮ್ ಇದೆ ಅಂತ ತಿಳ್ಕೋಬೇಕು. ನಮ್ ದೇಶದಲ್ಲಿ ಎನ್‌ಡಿಎಂ, ಆಕ್ಸಾ-48 ಎರಡೂ ಜಾಸ್ತಿ. ಸೆಫ್ಟಝಿಡಿಮ್-ಅವಿಬ್ಯಾಕ್ಟಂ ಆಕ್ಸಾ-48 ಮೇಲೆ ಕೆಲಸ ಮಾಡುತ್ತೆ, ಎನ್‌ಡಿಎಂ ಮೇಲೆ ಮಾಡಲ್ಲ. ಎನ್‌ಡಿಎಂ ಇದ್ರೆ ಜೊತೆಗೆ ಅಝ್ಟ್ರಿಯೋನಂ ಸೇರಿಸ್ತಾರೆ, ಯಾಕಂದ್ರೆ ಎನ್‌ಡಿಎಂಗೆ ಅಝ್ಟ್ರಿಯೋನಂ ಮುರಿಯೋಕೆ ಬರಲ್ಲ, ಅದನ್ನ ಮುರಿಯೋ ಉಳಿದ ಎಂಜೈಮ್‌ಗಳನ್ನ ಅವಿಬ್ಯಾಕ್ಟಂ ತಡೆಯುತ್ತೆ. ಎರಡೂ ಒಂದೇ ಹೊತ್ತಿಗೆ ಹೋಗ್ಬೇಕು, ಒಂದು ಬೆಳಗ್ಗೆ ಒಂದು ಸಂಜೆ ಹಾಕಿದ್ರೆ ಆ ಲಾಭ ಸಿಗಲ್ಲ. ಇದು ತುಂಬಾ ದುಬಾರಿ, ಹಂಗಾಗಿ ಎಂಜೈಮ್ ಟೆಸ್ಟ್ ಮಾಡಿಸದೆ ಶುರು ಮಾಡೋದಕ್ಕಿಂತ, ಸೌಲಭ್ಯ ಇರೋ ಕಡೆ ಟೆಸ್ಟ್ ಮಾಡಿಸಿ ನಿರ್ಧಾರ ಮಾಡೋದು ದುಡ್ಡಿಗೂ ಜೀವಕ್ಕೂ ಒಳ್ಳೇದು.

ಕೊಲಿಸ್ಟಿನ್, ಪಾಲಿಮಿಕ್ಸಿನ್ ಬಿ ಬೇರೆ ದಾರಿ ಇಲ್ಲದಾಗ. ಕಿಡ್ನಿಗೆ ಪೆಟ್ಟು ಕೊಡ್ತವೆ, ಶ್ವಾಸಕೋಶಕ್ಕೆ ಸರಿಯಾಗಿ ಇಳಿಯಲ್ಲ, ಅದಕ್ಕೇ ಇನ್ನೊಂದು ಔಷಧಿ ಜೊತೆ ಕೊಡ್ತಾರೆ. ಕೋಳಿ, ದನಕ್ಕೆ ಕೊಲಿಸ್ಟಿನ್ ಕೊಡೋದನ್ನ ಕೇಂದ್ರ ಸರ್ಕಾರ 2019ರಲ್ಲೇ ನಿಷೇಧ ಮಾಡಿದೆ, ಮನುಷ್ಯರಿಗೆ ಉಳಿದಿರೋ ಕೊನೇ ಔಷಧಿಗಳಲ್ಲಿ ಒಂದು ಅನ್ನೋ ಕಾರಣಕ್ಕೆ, ಕೋಳಿ ಫಾರಂ ಇಟ್ಟಿರೋರು ಗಮನ ಕೊಡಿ. ಟೈಗೆಸೈಕ್ಲಿನ್ ರಿಪೋರ್ಟಲ್ಲಿ ಎಸ್ ಅಂತ ಬರ್ತಾನೇ ಇರುತ್ತೆ, ಆದ್ರೆ ರಕ್ತದಲ್ಲಿ ಅದರ ಮಟ್ಟ ಕಮ್ಮಿ, ಸಾವಿನ ಅಪಾಯ ಜಾಸ್ತಿ ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2013ರಲ್ಲಿ ಅತಿ ಗಂಭೀರ ಎಚ್ಚರಿಕೆ ಹಾಕಿಸಿದೆ, ಅದೊಂದನ್ನೇ ನಂಬೋ ಹಂಗಿಲ್ಲ.

ಅಸಿನೆಟೋಬ್ಯಾಕ್ಟರ್ ನಮ್ ಐಸಿಯುಗಳಲ್ಲಿ ಬಹುಪಾಲು ಮೆರೊಪೆನಂಗೆ ಬಗ್ಗಲ್ಲ. ಅಲ್ಲಿ ಜಾಸ್ತಿ ಡೋಸಿನ ಸಲ್‌ಬ್ಯಾಕ್ಟಂ, ಜೊತೆಗೆ ಮಿನೊಸೈಕ್ಲಿನ್ ಅಥವಾ ಪಾಲಿಮಿಕ್ಸಿನ್. ಸ್ಯೂಡೋಮೊನಾಸ್‌ಗೆ ಸೆಫ್ಟಝಿಡಿಮ್, ಸೆಫೆಪಿಮ್, ಪಿಪರಾಸಿಲಿನ್ ಇವುಗಳಲ್ಲಿ ಯಾವುದು ಎಸ್ ಇದೆಯೋ ಅದು, ಎರ್ಟಾಪೆನಂ ಮಾತ್ರ ಇವೆರಡಕ್ಕೂ ಪ್ರಯೋಜನ ಇಲ್ಲ. ಮೆರೊಪೆನಂ ಹಾಕ್ತಾ ಹಾಕ್ತಾ ಸ್ಟೆನೊಟ್ರೊಫೊಮೊನಾಸ್ ಅಂತ ಬೆಳೆದ್ರೆ ಅದು ಹುಟ್ಟಿನಿಂದಲೇ ಮೆರೊಪೆನಂಗೆ ಬಗ್ಗದ್ದು, ಅದಕ್ಕೆ ಅಗ್ಗದ ಹಳೇ ಕೋಟ್ರೈಮಾಕ್ಸಝೋಲ್, ಲೆವೊಫ್ಲಾಕ್ಸಾಸಿನ್, ಮಿನೊಸೈಕ್ಲಿನ್ ಇವುಗಳಲ್ಲಿ ಆರಿಸ್ತಾರೆ, ಸೀರಿಯಸ್ ಇದ್ರೆ ಎರಡು ಸೇರಿಸ್ತಾರೆ. ಶುಗರ್ ಇರೋರು, ಮಳೆಗಾಲದಲ್ಲಿ ಉಡುಪಿ ಮಂಗಳೂರು ಕಡೆ ಕೆಲಸ ಮಾಡಿ ಬಂದೋರಾಗಿದ್ರೆ ಮೆಲಿಯಾಯ್ಡೋಸಿಸ್ ಅನ್ನೋ ಮಣ್ಣು ನೀರಿಂದ ಬರೋ ಸೋಂಕಿನ ಬಗ್ಗೆ ಡಾಕ್ಟ್ರಿಗೆ ನೆನಪು ಮಾಡಿ, ಅದಕ್ಕೆ ಸೆಫ್ಟಝಿಡಿಮ್ ಅಥವಾ ಮೆರೊಪೆನಂ, ಆಮೇಲೆ ಮೂರು ತಿಂಗಳಾದ್ರೂ ಮಾತ್ರೆ.

ಹೆಜ್ಜೆ 5: ಪೇಷೆಂಟ್ ದೇಹಕ್ಕೆ ಹೊಂದುತ್ತಾ

ಇಲ್ಲಿ ಮನೆಯವ್ರ ಮಾತು ಲ್ಯಾಬ್ ರಿಪೋರ್ಟಿನಷ್ಟೇ ಬೆಲೆ. ಫಿಟ್ಸ್‌ಗೆ ವ್ಯಾಲ್ಪ್ರೊಯೇಟ್ ಮಾತ್ರೆ ತಗೊಳ್ತಿದ್ರೆ ತಪ್ಪದೇ ಹೇಳಿ, ಮೆರೊಪೆನಂ ಹೋದ್ರೆ ರಕ್ತದಲ್ಲಿ ವ್ಯಾಲ್ಪ್ರೊಯೇಟ್ ಮಟ್ಟ ಜೋರಾಗಿ ಕುಸಿದು ಫಿಟ್ಸ್ ಬರ್ಬೋದು. ಖಿನ್ನತೆ ಮಾತ್ರೆ ತಗೊಳ್ತಿದ್ರೆ ಹೇಳಿ, ಲಿನೆಝೋಲಿಡ್ ಜೊತೆ ತೊಂದರೆ ಆಗ್ಬೋದು, ಲಿನೆಝೋಲಿಡ್ ಎರಡು ವಾರ ದಾಟಿದ್ರೆ ಪ್ಲೇಟ್ಲೆಟ್ ಇಳಿಯುತ್ತೆ, ವಾರಕ್ಕೊಂದು ಸಲ ಸಿಬಿಸಿ (ರಕ್ತಕಣಗಳ ಲೆಕ್ಕದ ಟೆಸ್ಟ್) ಬೇಕು. ಶುಗರ್ ಮಾತ್ರೆ ತಗೊಳ್ಳೋರಿಗೆ ಲೆವೊಫ್ಲಾಕ್ಸಾಸಿನ್ ಕೊಟ್ರೆ ಶುಗರ್ ದಿಢೀರ್ ಇಳಿಯೋದೋ ಏರೋದೋ ಆಗ್ಬೋದು. ಹಾರ್ಟ್ ಪೇಷೆಂಟ್‌ಗೆ ಅಜಿಥ್ರೋಮೈಸಿನ್, ಲೆವೊಫ್ಲಾಕ್ಸಾಸಿನ್ ಮುಂಚೆ ಇಸಿಜಿ ನೋಡಿಸಿ. ಗರ್ಭಿಣಿ, ಹಾಲೂಡಿಸೋ ತಾಯಿ ಅಂದ್ರೆ ಪಟ್ಟಿಯೇ ಬೇರೆ ಆಗುತ್ತೆ.

ಪೆನ್ಸಿಲಿನ್ ಅಲರ್ಜಿ ಅಂತ ಚೀಟಿ ಮೇಲೆ ಬರೆಸೋ ಮುಂಚೆ ಏನಾಗಿತ್ತು ಅಂತ ಸರಿಯಾಗಿ ಹೇಳಿ. ಮೈಯೆಲ್ಲ ದದ್ದು, ಮುಖ ಊದಿ ಉಸಿರು ಕಟ್ಟಿದ್ದಾ, ಅಥವಾ ವಾಂತಿ ಭೇದಿ ಆಗಿದ್ದಾ? ಅಲರ್ಜಿ ಅಂತ ಹೇಳೋರಲ್ಲಿ ಟೆಸ್ಟ್ ಮಾಡಿ ನೋಡಿದ್ರೆ ಹತ್ತರಲ್ಲಿ ಒಂಬತ್ತು ಜನಕ್ಕೆ ನಿಜವಾದ ಅಲರ್ಜಿ ಇರಲ್ಲ, ಆ ಒಂದು ಪದದಿಂದ ಒಳ್ಳೇ ಔಷಧಿಗಳ ಸಾಲೇ ಕೈತಪ್ಪಿ ಹೋಗುತ್ತೆ.

ಹೆಜ್ಜೆ 6: ಶುರು ಮಾಡಿದ ಮೇಲೆ

ಹೊಸ ಔಷಧಿಗೂ ಅದೇ 48ರಿಂದ 72 ಗಂಟೆ. ಮೆರೊಪೆನಂನ ಕೆಲವು ಸಲ ಮೂರು ಗಂಟೆ ನಿಧಾನಕ್ಕೆ ಹನಿಸ್ತಾರೆ, ರಕ್ತದಲ್ಲಿ ಔಷಧಿ ಮಟ್ಟ ಜಾಸ್ತಿ ಹೊತ್ತು ನಿಲ್ಲಲಿ ಅಂತ, ಡ್ರಿಪ್ ಸ್ಲೋ ಇದೆ ಅಂತ ನೀವೇ ಗಾಲಿ ತಿರುಗಿಸ್ಬೇಡಿ. ವ್ಯಾಂಕೊಮೈಸಿನ್ ಕೂಡ ಅಷ್ಟೇ, ಜೋರಾಗಿ ಬಿಟ್ರೆ ಮುಖ ಕುತ್ತಿಗೆ ಕೆಂಪಗಾಗಿ ಉರಿ ತುರಿಕೆ ಬರುತ್ತೆ. ಕಲ್ಚರ್ ಬಂದ ಮೇಲೆ ಸಣ್ಣ ಔಷಧಿ ಸಾಕು ಅಂತ ಡಾಕ್ಟ್ರು ಮೆರೊಪೆನಂ ನಿಲ್ಲಿಸಿದ್ರೆ ಬೇಜಾರಾಗ್ಬೇಡಿ, ಅದೇ ಒಳ್ಳೇ ಚಿಕಿತ್ಸೆ. ಸಾಧಾರಣ ನ್ಯುಮೋನಿಯಾಗೆ ಐದು ದಿನ, ಆಸ್ಪತ್ರೆ ನ್ಯುಮೋನಿಯಾಗೆ ಏಳು ದಿನ ಬಹಳ ಜನಕ್ಕೆ ಸಾಕಾಗುತ್ತೆ, ಕೀವು ಕಟ್ಟಿದ್ರೆ, ರಕ್ತಕ್ಕೆ ಇಳಿದಿದ್ರೆ ಜಾಸ್ತಿ.

ಒಂದು ಹಾಳೇಲಿ ನಾಲ್ಕು ಕಾಲಂ ಹಾಕಿ: ಔಷಧಿ ಹೆಸರು, ಶುರುವಾದ ದಿನ, ನಿಂತ ದಿನ, ಯಾಕೆ ಬದಲಾಯ್ತು. ಕಲ್ಚರ್ ರಿಪೋರ್ಟ್, ಕ್ರಿಯಾಟಿನಿನ್ (ಕಿಡ್ನಿ ಟೆಸ್ಟ್), ಎಕ್ಸ್‌ರೇ ಎಲ್ಲಾ ಅದರ ಜೊತೆ ಒಂದೇ ಕವರಲ್ಲಿ. ಎಸ್‌ಎನ್‌ಆರ್ ಆಸ್ಪತ್ರೆಯಿಂದ ಟಮಕದ ಮೆಡಿಕಲ್ ಕಾಲೇಜ್ ಆಸ್ಪತ್ರೆಗೋ, ಅಲ್ಲಿಂದ ಬೆಂಗಳೂರಿನ ವಿಕ್ಟೋರಿಯಾ ಅಥವಾ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆಗೋ ಕಳಿಸಿದ್ರೆ ಅಲ್ಲಿನ ಡಾಕ್ಟ್ರು ಮೊದಲು ಕೇಳೋದು ಇದನ್ನೇ. ಆಂಬುಲೆನ್ಸ್ ಹತ್ತೋ ಗಡಿಬಿಡಿಯಲ್ಲಿ ಬಿಟ್ಟು ಬಂದು, ಅಲ್ಲಿ ಮತ್ತೆ ಮೊದಲಿಂದ ಅದೇ ಫೇಲಾದ ಔಷಧಿ ಶುರುವಾಗಿರೋದನ್ನ ನೋಡಿದೀನಿ. ಆಯುಷ್ಮಾನ್ ಕಾರ್ಡು, ರೇಷನ್ ಕಾರ್ಡೂ ಅದೇ ಕವರಲ್ಲಿ ಇರ್ಲಿ. ಮಾತ್ರೆಗೆ ಬದಲಾದ ಮೇಲೆ ಜನೌಷಧಿ ಅಂಗಡಿಯಲ್ಲಿ ಅದೇ ಔಷಧಿ ಇದೆಯಾ ವಿಚಾರಿಸಿ.

ಸೆಫಿಕ್ಸಿಮ್, ಲೆವೊಫ್ಲಾಕ್ಸಾಸಿನ್ ಥರದವು 2014ರ ಮಾರ್ಚಿಂದ ಶೆಡ್ಯೂಲ್ ಎಚ್1 ಅನ್ನೋ ಬಿಗಿ ನಿಯಮದ ಔಷಧಿ ಪಟ್ಟಿಯಲ್ಲಿವೆ, ಚೀಟಿ ಇಲ್ಲದೆ ಕೊಡೋ ಹಂಗಿಲ್ಲ, ಕೊಟ್ಟಿದ್ದನ್ನ ಅಂಗಡಿಯವ್ರು ಬೇರೆ ರಿಜಿಸ್ಟರಲ್ಲಿ ಬರೆದು ಮೂರು ವರ್ಷ ಇಡ್ಬೇಕು. ಹೋದ ಸಲ ಉಳಿದ ಮಾತ್ರೆನ ಪಕ್ಕದ ಮನೆಯವ್ರಿಗೆ ಕೊಡ್ಬೇಡಿ.

ಡಿಸ್ಚಾರ್ಜ್ ಆದ ಮೇಲೆ ಜ್ವರ ಮತ್ತೆ ಬಂದ್ರೆ, ಕಫದಲ್ಲಿ ರಕ್ತ ಕಂಡ್ರೆ, ನಡೆದಾಗ ಆಕ್ಸಿಜನ್ ಇಳಿದ್ರೆ ಅಪಾಯಿಂಟ್‌ಮೆಂಟ್ ದಿನಕ್ಕೆ ಕಾಯ್ಬೇಡಿ, ಆ ಕವರ್ ತಗೊಂಡು ಅವತ್ತೇ ಹೋಗಿ. 50 ದಾಟಿದವ್ರು, ಬೀಡಿ ಸಿಗರೇಟ್ ಸೇದೋರು ಆರು ವಾರಕ್ಕೆ ಇನ್ನೊಂದು ಎಕ್ಸ್‌ರೇ ತೆಗೆಸ್ಬೇಕು, ನ್ಯುಮೋನಿಯಾ ಮಚ್ಚೆ ಹಿಂದೆ ಗಡ್ಡೆ ಏನಾದ್ರೂ ಅಡಗಿದ್ರೆ ಆವಾಗ ಕಾಣುತ್ತೆ. ಅದೇ ಭೇಟಿಯಲ್ಲಿ ನ್ಯುಮೋಕಾಕಸ್ ಲಸಿಕೆ, ಫ್ಲೂ ಲಸಿಕೆ ಯಾವಾಗ ಹಾಕಿಸ್ಬೋದು ಅಂತಲೂ ಕೇಳಿ. ಮನೇಲಿ ಪುಟ್ಟ ಮಗು ಇದ್ರೆ ಪಿಸಿವಿ (ಮಕ್ಕಳ ನ್ಯುಮೋಕಾಕಸ್) ಲಸಿಕೆ ಆರು ವಾರ, ಹದಿನಾಲ್ಕು ವಾರ, ಒಂಬತ್ತು ತಿಂಗಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಫ್ರೀ ಹಾಕ್ತಾರೆ, ತಾಯಿ ಕಾರ್ಡ್ ತೆಗೆದು ಒಂದು ಸಲ ನೋಡ್ಕೊಳ್ಳಿ.